ಕರಿಕಲ್ಲಿನ ಗೋಡೆಗೆ ತೂತು ಹಾಕುವುದು ಹೇಗೆ?

ನಮ್ಮ ಜುಗೂಳದ ಹಳೆಯ ಮನೆಗಳ ಹೊರಗೋಡೆಗೆ ಎಂದಾದರೂ ಮೊಳೆ ಬಡಿದು ನೋಡಿದ್ದೀರಾ? ಮೊಳೆ ಸೊಟ್ಟಗಾಗುತ್ತದೆ, ಗೋಡೆಗೆ ಏನೂ ಆಗುವುದಿಲ್ಲ. ಈ ಕರಿಕಲ್ಲಿಗೆ ಬಸಾಲ್ಟ್ ಎಂದು ಹೆಸರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿ ಬಂದ ಲಾವಾರಸ ಆರಿ ಈ ಕಲ್ಲು ಆಯಿತು. ಅದಕ್ಕೇ ಇಷ್ಟು ಗಟ್ಟಿ.

ನಮ್ಮ ಮನೆಯ ಹೊಳೆ ಕಡೆಯ ಗೋಡೆಗೆ ಒಂದು ಬಲ್ಬು ಬೇಕಾಗಿತ್ತು. 2019ರಲ್ಲಿ ಕೃಷ್ಣಾ ನದಿಗೆ ಮಹಾಪೂರ ಬಂದಾಗ ನೀರು ಎಷ್ಟು ಏರಿದೆ ಎಂದು ನೋಡಲು ಅಪ್ಪ ರಾತ್ರಿ ಬ್ಯಾಟರಿ ಹಿಡಿದು ಕತ್ತಲಲ್ಲೇ ಇಳಿದು ಹೋಗುತ್ತಿದ್ದರಂತೆ. ಅಜ್ಜಿ ಈಗಲೂ ಮಳೆಗಾಲ ಬಂತೆಂದರೆ, "ಹಾವು ಚೇಳು ನೀರಿನ ಜೋಡಿ ಮ್ಯಾಲ ಬರ್ತಾವು, ಅಲ್ಲೊಂದು ಲೈಟ್ ಹಾಕ್ರೋ" ಅನ್ನುತ್ತಾಳೆ.

ಕಾಕಾ ಡ್ರಿಲ್ ಮಷೀನು ತಂದರು. ಕಲ್ಲು ಗಟ್ಟಿ ಎಂದು ಮೊದಲು ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ತೂತು ಹಾಕಿದರು. ಬೆಣ್ಣೆಯಂತೆ ಇಳಿಯಿತು! ಆದರೆ ಸ್ಕ್ರೂ ತಿರುವಿದರೆ ತಿರುಗುತ್ತಲೇ ಇತ್ತು, ಬಿಗಿಯಾಗಲೇ ಇಲ್ಲ. ಯಾಕೆಂದರೆ ಸಂದಿಗೆ ಮೇಲೆ ಮಾತ್ರ ಸಿಮೆಂಟ್, ಒಳಗೆಲ್ಲ ಮಣ್ಣು. ಮಣ್ಣು ಏನನ್ನೂ ಹಿಡಿದುಕೊಳ್ಳುವುದಿಲ್ಲ. ಆದ್ದರಿಂದ ಕಲ್ಲಿಗೇ ಹಾಕಬೇಕಾಯಿತು.

ಕಟ್ಟಿಗೆಯನ್ನು ಹೆರೆಯಬಹುದು, ಕಲ್ಲನ್ನು ಹೆರೆಯಲು ಬರುವುದಿಲ್ಲ. ಅದನ್ನು ಪುಡಿ ಮಾಡಬೇಕು. ನಮ್ಮ ಅಜ್ಜ ಗವಂಡಿ ಕೆಲಸ ಮಾಡಿದವರು. ಅವರು ಚಾಣ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕುವುದು, ಚಾಣವನ್ನು ಸ್ವಲ್ಪ ತಿರುಗಿಸುವುದು, ಮತ್ತೆ ಏಟು. ಒಂದು ತೂತಿಗೆ ಅರ್ಧ ದಿನ ಹೋಗುತ್ತಿತ್ತಂತೆ. ಮಷೀನಿನ ಮೇಲೆ ಸುತ್ತಿಗೆಯ ಚಿತ್ರ ಇರುತ್ತದೆ ನೋಡಿ, ಅಲ್ಲಿಗೆ ತಿರುಗಿಸಿದರೆ ಅದೂ ಅಜ್ಜನಂತೆಯೇ ಬಡಿಯುತ್ತಾ ತಿರುಗುತ್ತದೆ, ಆದರೆ ನಿಮಿಷಕ್ಕೆ ಸಾವಿರಾರು ಸಲ! ಕಲ್ಲಿಗೆ ಹಾಕುವ ಬಿಟ್ಟೇ ಬೇರೆ. ಅದರ ಮೂತಿಗೆ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬಹಳ ಗಟ್ಟಿ ಚೂರು ಬೆಸೆದಿರುತ್ತಾರೆ.

ಇಲ್ಲೇ ಕಾಕಾ ತಪ್ಪು ಮಾಡಿದ್ದು. ಜೋರಾಗಿ ಒತ್ತಿ ಒತ್ತಿ ಬಿಟ್ಟು ಕಾದು ಹೋಯಿತು. ಅದನ್ನು ಚೊಂಬಿನ ನೀರಿನಲ್ಲಿ ಅದ್ದಿದರು. ಚುಂಯ್ ಎಂದಿತು. ಮತ್ತೆ ಹಚ್ಚಿದಾಗ ಮೂತಿಯ ಚೂರೇ ಕಳಚಿ ಹಾರಿ ನನ್ನ ಕಿವಿಯ ಹತ್ತಿರ ಹೋಯಿತು. ಅಜ್ಜ ಕಟ್ಟೆಯ ಮೇಲೆ ಕುಳಿತೇ, "ಹಂಗ ಒತ್ತಬ್ಯಾಡೋ, ಅದರ ಪಾಡಿಗೆ ಅದು ಹೋಗಲಿ" ಎಂದರು. ಕಾಕಾ ಕಣ್ಣಿಗೆ ಕನ್ನಡಕ ಹಾಕಿಕೊಂಡು ಹೊಸ ಬಿಟ್ಟು ಹಚ್ಚಿದರು. ನನ್ನನ್ನು ದೂರ ನಿಲ್ಲಿಸಿದರು. ಆಗಾಗ ಬಿಟ್ಟು ಹೊರಗೆಳೆದು ಪುಡಿ ಉದುರಿಸಿ, ಗಾಳಿಗೆ ಆರಲು ಬಿಟ್ಟರು. ತೂತನ್ನು ಹೊರಬಾಯಿ ತುಸು ಕೆಳಗಿರುವಂತೆ ಹಾಕಿದರು. ಇಲ್ಲದಿದ್ದರೆ ಮಳೆ ನೀರು ಒಳಗೆ ಇಳಿಯುತ್ತದೆ.

ಆ ತೂತಿಗೆ ಹಿಂದೆ ಕಟ್ಟಿಗೆಯ ಗಿಟ್ಟಿ ಬಡಿಯುತ್ತಿದ್ದರು, ಈಗ ಪ್ಲಾಸ್ಟಿಕ್ ರಾವಲ್ ಪ್ಲಗ್. ಸ್ಕ್ರೂ ಒಳಗೆ ಹೋದಂತೆ ಪ್ಲಗ್ ಉಬ್ಬಿ ಕಲ್ಲನ್ನು ಒತ್ತಿ ಹಿಡಿಯುತ್ತದೆ. 1911ರ ಸುಮಾರಿಗೆ ಇಂಗ್ಲೆಂಡಿನ ಜಾನ್ ರಾಲಿಂಗ್ಸ್ ಎಂಬವರು ಇದನ್ನು ಕಂಡುಹಿಡಿದರು. ಮೊದಲಿನದು ಪ್ಲಾಸ್ಟಿಕ್ಕಿನದಲ್ಲ, ಸೆಣಬಿನ ನಾರಿನದು!

ಸಂಜೆ ಬಲ್ಬು ಹತ್ತಿತು. ಅಜ್ಜಿ ಹೊರಗೆ ಬಂದು ಹೊಳೆ ಕಡೆಗಿನ ಮೆಟ್ಟಿಲು ಎಣಿಸಿದಳು. ಐದು ಕಂಡವು. ಆರನೆಯದು ಕಾಣಬೇಕಾದರೆ ಇನ್ನೂ ದೊಡ್ಡ ಬಲ್ಬು ತರಬೇಕು ಎಂದು ಕಾಕಾ ಅಂದರು.