ಜಗಲಿಗೆ ನಾಲ್ಕಡಿ ಜಾಗ

ದಾವಣಗೆರೆಯಲ್ಲಿ ಮನೆಗಳ ಪ್ಲಾನ್ ಹಾಕುತ್ತ 22 ವರ್ಷವಾಯಿತು. 30–40ರ ಸೈಟಿನ ಕಾಗದ ಹಿಡಿದು ಬಂದವರು ಮೊದಲು ಕೇಳುವುದು ಕಾರಿಗೆ ಜಾಗ, ಆಮೇಲೆ ದೇವರಮನೆ, ಅಡುಗೆಮನೆಯ ಮೂಲೆ. ಮಗು ಎಲ್ಲಿ ಆಡಬೇಕು ಅಂತ ಕೇಳಿದವರು ತೀರಾ ಕಡಿಮೆ. ಬಹಳ ವರ್ಷ ನಾನೂ ಕೇಳಲಿಲ್ಲ.

ಎಂಟನೇ ವಯಸ್ಸಿಗೇ ಮಗಳಿಗೆ ಕನ್ನಡಕ ಬಂತು. "ದಿನಾ ಎಷ್ಟು ಹೊತ್ತು ಹೊರಗೆ ಆಡ್ತಾಳೆ?" ಅಂದರು ಕಣ್ಣಿನ ಡಾಕ್ಟರು. ಲೆಕ್ಕ ಹಾಕಿದೆ. ವ್ಯಾನು, ಶಾಲೆ, ಟ್ಯೂಷನ್, ಮನೆ. ಅರ್ಧ ಗಂಟೆಯೂ ಆಗಲಿಲ್ಲ.

ಸಮೀಪದೃಷ್ಟಿಯಲ್ಲಿ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆದು ದೂರದ್ದು ಮಸುಕಾಗುತ್ತದೆ. ಬಯಲಿನ ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮೈನ್ ಸ್ರವಿಸಿ ಆ ಬೆಳವಣಿಗೆಗೆ ಕಡಿವಾಣ ಬೀಳುತ್ತದೆ ಎಂಬುದು ತಜ್ಞರ ವಿವರಣೆ. ಚೀನಾದ ಗುವಾಂಗ್‌ಝೌನ 12 ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಿಗೆ ಮಕ್ಕಳನ್ನು ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಅಲ್ಲಿ ನೂರಕ್ಕೆ ಸುಮಾರು 30 ಮಕ್ಕಳಿಗೆ ಸಮೀಪದೃಷ್ಟಿ ಬಂದರೆ, ಉಳಿದ ಶಾಲೆಗಳಲ್ಲಿ ಸುಮಾರು 40 ಮಕ್ಕಳಿಗೆ ಬಂದಿತ್ತು.

ಬೆಳಕು ಅಳೆಯುವ ಮೀಟರ್ ತಂದು ಮಗಳ ಮೇಜಿನ ಮೇಲಿಟ್ಟೆ. ಮಟಮಟ ಮಧ್ಯಾಹ್ನ, ಟ್ಯೂಬ್‌ಲೈಟೂ ಉರಿಯುತ್ತಿದೆ, 180 ಲಕ್ಸ್. ಗೇಟಿನಾಚೆ ಹೊಂಗೆಮರದ ನೆರಳಿನಲ್ಲಿ 9,000. ನೆರಳಿನಲ್ಲೇ ಐವತ್ತು ಪಟ್ಟು! ಮೇಜಿನ ಪಕ್ಕದ ಆ ಕಿಟಕಿ ನಾನೇ ಇಡಿಸಿದ್ದು. ಅದರಾಚೆ ನಾಲ್ಕಡಿಗೆ ಪಕ್ಕದ ಮನೆಯ ಗೋಡೆ.

ನಮ್ಮಜ್ಜಿಯ ಮನೆಯಲ್ಲಿ ಜಗಲಿ ಇತ್ತು. ಬೆಳಗ್ಗೆ ಅಲ್ಲಿ ಮಗ್ಗಿ, ಸಂಜೆ ಹುಣಸೆಬೀಜ ತೇಯ್ದು ಚೌಕಾಬಾರ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತ ನಮ್ಮ ಮೇಲೊಂದು ಕಣ್ಣಿಟ್ಟಿರುತ್ತಿದ್ದಳು. ಈಗ ಹೊಸಿಲು ದಾಟಿದರೆ ಕಾರು, ಕಾರು ದಾಟಿದರೆ ರಸ್ತೆ. ಬೈಕುಗಳಿಗೆ ಹೆದರಿ ತಾಯಂದಿರು ಮಕ್ಕಳನ್ನು ಒಳಗೇ ಕೂರಿಸಿಕೊಳ್ಳುತ್ತಾರೆ. ಹಾಗೆ ಮಾಡದೆ ವಿಧಿಯಿಲ್ಲದಂಥ ಮನೆ ಕಟ್ಟಿಕೊಟ್ಟವರು ನಾವು.

ಈಚೆಗೆ ನಾನು ಹಾಕುವ ಪ್ಲಾನುಗಳಲ್ಲಿ ಹಾಲಿನಿಂದ ನಾಲ್ಕಡಿ ಕಿತ್ತು ಮುಂದೆ ಜಗಲಿ ಬಿಡಿಸುತ್ತೇನೆ, ಅಡುಗೆಮನೆಯ ಕಿಟಕಿಯನ್ನು ಅದರತ್ತ ತಿರುಗಿಸುತ್ತೇನೆ. ಜಗಲಿಯೊಂದೇ ಮದ್ದಲ್ಲ, ನಿಜ. ಆದರೆ ಜಗಲಿಗೆ ಬಂದ ಮಗು ಅಂಗಳಕ್ಕೂ ಇಳಿಯುತ್ತದೆ. ಮೊನ್ನೆ ಒಬ್ಬರು, "ಸೋಫಾ ಹಿಡಿಯಲ್ಲ, ಜಗಲಿ ತೆಗೀರಿ ಸಾರ್" ಅಂದರು. ಎರಡು ವಾರ ವಾದ ಮಾಡಿ ಉಳಿಸಿಕೊಂಡೆ.

ಮನೆ ಕಟ್ಟಿಸಲು ಹೊರಟವರು ನಿಮ್ಮ ಇಂಜಿನಿಯರನ್ನು ಇದೊಂದು ಕೇಳಿ: ಸಂಜೆ ಐದಕ್ಕೆ ನಮ್ಮ ಮಗು ಈ ಮನೆಯಲ್ಲಿ ಎಲ್ಲಿರುತ್ತದೆ? ಪ್ಲಾನಿನ ಮೇಲೆ ಬೆರಳಿಟ್ಟು ತೋರಿಸಿದ ಮೇಲೆಯೇ ಸಹಿ ಹಾಕಿ.