ಶಾಸನಾನ್ವೇಷಣೆಯಲ್ಲಿ ಕೈ ಜಿ.ಪಿ.ಎಸ್. ಯಂತ್ರದ ಗುಣದೋಷಗಳು

ಶಾಸನದ ಪಾಠವನ್ನು ಶೋಧಿಸುವುದು ಎಷ್ಟು ಮುಖ್ಯವೋ, ಶಾಸನವು ನಿಂತಿರುವ ಎಡೆಯನ್ನು ಗುರುತಿಸಿಡುವುದೂ ಅಷ್ಟೇ ಮುಖ್ಯವಾದುದು. 1886ರಲ್ಲಿ ಮೊದಲ ಸಂಪುಟವು ಹೊರಬಿದ್ದ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ರೈಸರು ಊರಿನ ಹೆಸರಿನೊಡನೆ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಇಂಥ ಹೊಲದಲ್ಲಿ ಎಂಬ ಗುರುತುಗಳನ್ನು ಕೊಟ್ಟಿರುವರು. ಹೊಲವು ಕೈಬದಲಾಗಿ, ಏರಿಯು ರಸ್ತೆಯಾದ ಮೇಲೆ ಅಂಥ ಗುರುತನ್ನು ನಂಬಿ ಹೊರಟವರು ಕಲ್ಲನ್ನು ಕಾಣದೆ ಹಿಂದಿರುಗಬೇಕಾಗುವುದು. ಈ ಕೊರತೆಯನ್ನು ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಯಂತ್ರವು ಎಷ್ಟರಮಟ್ಟಿಗೆ ತುಂಬಬಲ್ಲುದೆಂಬುದು ವಿಚಾರಣೀಯವಾಗಿದೆ.

ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುವ ಅಮೆರಿಕಾ ದೇಶದ ಉಪಗ್ರಹಗಳು ಎಡೆಬಿಡದೆ ಕಾಲಸಂಕೇತಗಳನ್ನು ಕಳುಹುತ್ತಿರುವುವು. ಸಂಕೇತವು ತಲಪಲು ಹಿಡಿದ ಕಾಲದಿಂದ ಯಂತ್ರವು ದೂರವನ್ನು ಗಣಿಸುವುದು. ಸ್ಥಳನಿರ್ಣಯಕ್ಕೆ ಮೂರು ಉಪಗ್ರಹಗಳು ಸಾಕೆಂದು ತೋರಿದರೂ ನಾಲ್ಕು ಬೇಕು. ಯಂತ್ರದ ಸ್ವಂತ ಗಡಿಯಾರದ ದೋಷವನ್ನು ಕಳೆಯುವುದಕ್ಕೆ ನಾಲ್ಕನೆಯದು. 2000ದ ಮೇ ತಿಂಗಳವರೆಗೆ ಸಾಮಾನ್ಯರಿಗೆ ದೊರೆಯುತ್ತಿದ್ದ ಸಂಕೇತವನ್ನು ಬುದ್ಧಿಪೂರ್ವಕವಾಗಿಯೇ ಕೆಡಿಸಲಾಗುತ್ತಿತ್ತು. ಈಗ ಬಯಲಿನಲ್ಲಿ ಮೂರರಿಂದ ಐದು ಮೀಟರುಗಳಷ್ಟು ಸಮೀಪವಾಗಿ ಸ್ಥಳವು ತಿಳಿಯುವುದು. ಗಾರ್ಮಿನ್ ಸಂಸ್ಥೆಯ ಈಟ್ರೆಕ್ಸ್ ಮೊದಲಾದ ಯಂತ್ರಗಳು ಮಳೆಗೆ ಹೆದರುವುದಿಲ್ಲ. ದೂರವಾಣಿಯ ಸಂಪರ್ಕವನ್ನು ಬೇಡುವುದಿಲ್ಲ. ಹಳ್ಳಿಯ ಅಂಗಡಿಯಲ್ಲಿ ದೊರೆಯುವ ಎರಡು ಸಣ್ಣ ಸೆಲ್ಲುಗಳಿಂದ ದಿನವೆಲ್ಲ ದುಡಿಯುವುವು. ಕಾಡುಮೇಡುಗಳಲ್ಲಿ ಅಲೆಯುವವರಿಗೆ ಇದು ಸಾಮಾನ್ಯ ಸೌಕರ್ಯವಲ್ಲ.

ಆದರೆ ಯಂತ್ರಕ್ಕೆ ಆಕಾಶವು ಕಾಣಬೇಕು. ಮಲೆನಾಡಿನ ದಟ್ಟವಾದ ಮರಗಳ ಕೆಳಗೆ ತಪ್ಪು ಹೆಚ್ಚುವುದು. ನವರಂಗದ ಕಂಬದ ಮೇಲಿನ ಬರಹಕ್ಕಂತೂ ಅದು ಮೂಕವಾಗುವುದು. ಅಲ್ಲಿ ಹೊರಗಿನ ಅಂಗಳದಲ್ಲಿ ಅಂಕಿಯನ್ನು ಪಡೆದು, ಒಳಗಿನ ದೂರವನ್ನು ಟೇಪಿನಿಂದ ಅಳೆದು ಸೇರಿಸುವುದೇ ಸರಿಯಾದ ಕ್ರಮ. ದಿಕ್ಸೂಚಿಯಿಲ್ಲದ ಅಗ್ಗದ ಯಂತ್ರವು ನಡೆಯುವಾಗ ಮಾತ್ರ ದಿಕ್ಕನ್ನು ತೋರುವುದರಿಂದ, ನಿಂತಲ್ಲಿಯೇ ದೇವಾಲಯದ ಮುಖವನ್ನು ನಿರ್ಣಯಿಸಲು ಅದನ್ನು ನಂಬಬಾರದು.

ಇವೆಲ್ಲ ಯಂತ್ರದ ದೋಷಗಳು. ಇವುಗಳಿಗಿಂತ ದೊಡ್ಡದು ಬರೆದುಕೊಳ್ಳುವವರ ದೋಷ. ಯಂತ್ರವು ಅಕ್ಷಾಂಶವನ್ನು ಒಮ್ಮೆ ದಶಾಂಶದಲ್ಲಿ, ಒಮ್ಮೆ ಡಿಗ್ರಿ ಮಿನಿಟು ಸೆಕೆಂಡುಗಳಲ್ಲಿ, ಹೊಂದಿಸಿದಂತೆ ತೋರುವುದು. ನಮ್ಮ ಜ್ಯೋತಿಷಿಗಳ ಅಂಶ ಕಲೆ ವಿಕಲೆಗಳೇ ಇವು. 12.30 ಅಂಶವೆಂದರೆ 12 ಅಂಶ 18 ಕಲೆ. ಅದನ್ನು 12 ಅಂಶ 30 ಕಲೆಯೆಂದು ಓದಿದವನು 12 ಕಲೆಗಳಷ್ಟು, ಎಂದರೆ ಸುಮಾರು 22 ಕಿಲೋಮೀಟರು, ಉತ್ತರಕ್ಕೆ ಹೋಗಿ ಬೇರೊಂದು ಊರಿನಲ್ಲಿ ಶಾಸನವನ್ನು ಹುಡುಕುವನು! ಇನ್ನೊಂದು ಸೂಕ್ಷ್ಮವಾದುದು. ಸರ್ವೆ ಇಲಾಖೆಯ ಹಳೆಯ ನಕ್ಷೆಗಳು ಎವರೆಸ್ಟ್ ಸಾಹೇಬರು 1830ರಲ್ಲಿ ನಿರ್ಣಯಿಸಿದ ಭೂಮಾನವನ್ನು ಅನುಸರಿಸಿರುವುವು, ಯಂತ್ರವಾದರೋ ಡಬ್ಲ್ಯು.ಜಿ.ಎಸ್. 84 ಎಂಬ ಮಾನವನ್ನು ಹಿಡಿದಿದೆ. ಒಂದರ ಅಂಕಿಯನ್ನು ಹಾಗೆಯೇ ಇನ್ನೊಂದರ ಮೇಲೆ ಗುರುತಿಸಿದರೆ ಕನ್ನಡನಾಡಿನಲ್ಲಿ ನೂರು ಮೀಟರಿಗೂ ಮಿಕ್ಕಿ ವ್ಯತ್ಯಾಸವಾಗುವುದು. ಕೆರೆಯ ಈ ದಡದ ಕಲ್ಲು ಆ ದಡಕ್ಕೆ ಹೋಗಲು ಅಷ್ಟು ಸಾಕು.

ಕಡೆಯದಾಗಿ, ಯಂತ್ರವು ಸ್ಥಳವನ್ನು ಬಲ್ಲುದೇ ಹೊರತು ಕಲ್ಲನ್ನು ಅರಿಯದು. ಹೊಲದಲ್ಲಿದ್ದ ಶಾಸನವನ್ನು ಊರವರು ಭಕ್ತಿಯಿಂದಲೇ ಗುಡಿಯ ಅಂಗಳಕ್ಕೆ ಸಾಗಿಸುವುದುಂಟು. ದಾನಶಾಸನಗಳಲ್ಲಿ ಭೂಮಿಯ ಚತುಸ್ಸೀಮೆಯನ್ನು ಹೇಳಿ, ಎಲ್ಲೆಗೆ ಲಿಂಗಮುದ್ರೆಯ ಅಥವಾ ವಾಮನಮುದ್ರೆಯ ಕಲ್ಲುಗಳನ್ನು ನೆಡುತ್ತಿದ್ದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅಂಥ ಕಲ್ಲು ನಿಂತ ನೆಲವೇ ಅದರ ಅರ್ಥದ ಅರೆಪಾಲು. ಕಲ್ಲು ಕದಲುವ ಮುನ್ನ ಅಂಕಿಯನ್ನು ಪಡೆದಿದ್ದರೆ, ಕಲ್ಲು ಹೋದರೂ ಎಲ್ಲೆಯು ಉಳಿಯುವುದು. ರೈಸರ ಕಾಲದಲ್ಲಿ ಈ ಸಾಧನವಿರಲಿಲ್ಲ. ಕದಲಿದ ಮೇಲೆ ಪಡೆದ ಅಂಕಿಯನ್ನು ಮೂಲಸ್ಥಾನವೆಂದು ಅಚ್ಚುಮಾಡಿದರೆ ಅದು ಕೂಟಸಾಕ್ಷಿಯೇ ಸರಿ. ಆದುದರಿಂದ ಅಂಕಿಯ ಪಕ್ಕದಲ್ಲಿಯೇ ಅದನ್ನು ಪಡೆದ ದಿನ, ಅನುಸರಿಸಿದ ಮಾನ, ಯಂತ್ರವು ತೋರಿದ ದೋಷದ ಪರಿಮಿತಿ, ಕಲ್ಲು ಮೊದಲಿನಿಂದ ಅಲ್ಲಿಯೇ ಇದ್ದಿತೇ ಎಂಬ ವಿಷಯದಲ್ಲಿ ಊರಿನ ಹಿರಿಯರ ಹೇಳಿಕೆ, ಇವನ್ನೂ ರೈಸರ ರೀತಿಯಲ್ಲಿ ಎಡೆಯ ವಿವರಣೆಯನ್ನೂ ಬರೆದಿಡತಕ್ಕದ್ದು.