ಮುಂಗಾರು ಮುನ್ಸೂಚನೆಯಲ್ಲಿ ಗಾಳಿ ಮತ್ತು ಕಡಲಿನ ಲೆಕ್ಕಗಳ ಜೋಡಣೆ

ಮುಂಗಾರಿನ ಮೊದಲ ಮುನ್ಸೂಚನೆ ಪ್ರತಿ ವರ್ಷ ಏಪ್ರಿಲ್ ತಿಂಗಳಿನಲ್ಲಿ ಹೊರಬೀಳುತ್ತದೆ. ರೈತರು ಬೀಜ, ಗೊಬ್ಬರ, ಸಾಲಗಳ ಏರ್ಪಾಟು ಮಾಡಿಕೊಳ್ಳುವ ಕಾಲವೂ ಅದೇ. ಹಿಂದೆ ಈ ಮುನ್ಸೂಚನೆಯನ್ನು ಕಳೆದ ವರ್ಷಗಳ ಅಂಕಿ-ಅಂಶಗಳ ಹೋಲಿಕೆಯಿಂದ ಸಿದ್ಧಪಡಿಸಲಾಗುತ್ತಿತ್ತು. 2002ರಲ್ಲಿ ವಾಡಿಕೆಯಷ್ಟು ಮಳೆಯಾಗುವುದೆಂದು ಹೇಳಲಾಗಿದ್ದರೂ ದೇಶದಲ್ಲಿ ಬಿದ್ದ ಮಳೆ ವಾಡಿಕೆಗಿಂತ ಶೇ. 19ರಷ್ಟು ಕಡಿಮೆ. ಭೌತಶಾಸ್ತ್ರದ ನಿಯಮಗಳಿಂದಲೇ ಮಳೆಯನ್ನು ಲೆಕ್ಕ ಹಾಕುವ ವಿಧಾನವನ್ನು ಬಲಪಡಿಸಲು ಕೇಂದ್ರ ಸರ್ಕಾರ 2012ರಲ್ಲಿ ಮಾನ್ಸೂನ್ ಮಿಷನ್ ಯೋಜನೆಯನ್ನು ಕೈಗೊಂಡಿತು.

ಈ ವಿಧಾನದಲ್ಲಿ ಭೂಮಿಯ ಮೇಲಿನ ವಾಯುಮಂಡಲವನ್ನು ಚೌಕಗಳಾಗಿಯೂ ಪದರಗಳಾಗಿಯೂ ವಿಂಗಡಿಸಿ, ಪ್ರತಿಯೊಂದರ ಗಾಳಿ, ಒತ್ತಡ, ಉಷ್ಣತೆ, ತೇವಾಂಶಗಳನ್ನು ಕೆಲವು ನಿಮಿಷಗಳಿಗೊಮ್ಮೆ ಗಣಕಯಂತ್ರದಿಂದ ಲೆಕ್ಕ ಹಾಕಲಾಗುತ್ತದೆ. ಎರಡು ಮೂರು ದಿನಗಳ ಮುನ್ಸೂಚನೆಗೆ ಕಡಲಿನ ಉಷ್ಣತೆ ಇಂದಿನಷ್ಟೇ ಇರುವುದೆಂದು ಭಾವಿಸಿದರೂ ಅಷ್ಟಾಗಿ ಬಾಧಕವಿಲ್ಲ. ನಾಲ್ಕು ತಿಂಗಳ ಮಳೆಗಾಲಕ್ಕೆ ಹಾಗೆ ಭಾವಿಸುವಂತಿಲ್ಲ.

ಬಂಗಾಳ ಕೊಲ್ಲಿಯ ನೀರು ಕಾದಾಗ ಮೇಲೆ ಮೋಡ ಕಟ್ಟುತ್ತದೆ. ಆ ಮೋಡವೇ ಬಿಸಿಲನ್ನು ತಡೆಯುತ್ತದೆ. ಬಿರುಗಾಳಿ ನೀರನ್ನು ಆವಿ ಮಾಡಿ, ಮೇಲಿನ ಪದರವನ್ನು ಕದಡುತ್ತದೆ. ಬೆವರಿದ ಮೈಗೆ ಗಾಳಿ ತಗಲಿದಂತೆ ಕಡಲು ತಣಿಯುತ್ತದೆ, ಮುಂದಿನ ಮೋಡದ ಬಲ ಕುಗ್ಗುತ್ತದೆ. ಲೆಕ್ಕದಲ್ಲಿ ಕಡಲನ್ನು ಬಿಸಿಯಾಗಿಯೇ ಇಟ್ಟರೆ ಯಂತ್ರವು ಅಲ್ಲಿ ಮಳೆಯನ್ನು ಸುರಿಸುತ್ತಲೇ ಹೋಗುತ್ತದೆ! ಆದ್ದರಿಂದ ಕಡಲಿಗೂ ಪ್ರತ್ಯೇಕ ಲೆಕ್ಕ ಬೇಕು, ಎರಡರ ನಡುವೆ ಕೊಡು-ಕೊಳ್ಳುವಿಕೆಯೂ ನಡೆಯಬೇಕು. ಗಾಳಿಯ ಲೆಕ್ಕವು ಕಡಲಿಗೆ ಗಾಳಿಯ ಎಳೆತ, ಬಿಸಿಲು, ಮಳೆನೀರನ್ನು ಒಪ್ಪಿಸುತ್ತದೆ. ಕಡಲಿನ ಲೆಕ್ಕವು ಮೇಲ್ಮೈಯ ಉಷ್ಣತೆಯನ್ನು ಹಿಂದಿರುಗಿಸುತ್ತದೆ. ಇಂತಹ ಜೋಡಣೆಯನ್ನು ಅಮೆರಿಕದಲ್ಲಿ ಸ್ಯುಕುರೊ ಮನಾಬೆ ಮತ್ತು ಕರ್ಕ್ ಬ್ರಯನ್ 1969ರಲ್ಲಿ ಪ್ರಕಟಿಸಿದರು. ಮನಾಬೆಯವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಹೇಳಿದಷ್ಟು ಸುಲಭದ ಕೆಲಸ ಇದಲ್ಲ. ಗಾಳಿಯ ಚೌಕಗಳೂ ಕಡಲಿನ ಚೌಕಗಳೂ ಒಂದೇ ಅಳತೆಯವಲ್ಲ. ಕರಾವಳಿಯಲ್ಲಿ ಒಂದೇ ಚೌಕದ ಅರ್ಧ ನೆಲ, ಅರ್ಧ ನೀರು. ಒಂದು ಕಡೆಯಿಂದ ಹೊರಟ ಶಾಖ ಇನ್ನೊಂದು ಕಡೆಗೆ ಪೂರ್ತಿ ಸೇರಬೇಕು. ಬದುವಿನಲ್ಲಿ ಇಲಿ ತೋಡಿದ ಬಿಲದಂತೆ ಸಣ್ಣ ಸೋರಿಕೆಯೂ ತಿಂಗಳುಗಳಲ್ಲಿ ದೊಡ್ಡದಾಗುತ್ತದೆ. ಹಿಂದಿನ ಕೆಲವು ಮಾದರಿಗಳಲ್ಲಿ ಕಡಲು ತಾನಾಗಿಯೇ ಬಿಸಿಯಾಗುತ್ತಲೋ ತಣ್ಣಗಾಗುತ್ತಲೋ ಹೋಗುತ್ತಿದ್ದುದರಿಂದ ಕೃತಕವಾಗಿ ಶಾಖವನ್ನು ಕೂಡಿಸಿ ಕಳೆದು ಸರಿದೂಗಿಸಲಾಗುತ್ತಿತ್ತು. ಇನ್ನು, ಮಹಾಗಣಕದ ಸಾವಿರಾರು ಸಂಸ್ಕಾರಕಗಳನ್ನು ಎರಡೂ ಲೆಕ್ಕಗಳಿಗೆ ಹಂಚಬೇಕು. ಹಂಚಿಕೆ ತಪ್ಪಿದರೆ ನೊಗಕ್ಕೆ ಕಟ್ಟಿದ ಹೊಂದದ ಜೋಡೆತ್ತಿನ ಪಾಡು: ಮುಂದಾದದ್ದು ಹಿಂದುಳಿದದ್ದಕ್ಕಾಗಿ ಕಾಯಬೇಕು.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 2018ರಲ್ಲಿ 'ಪ್ರತ್ಯೂಷ್', 2024ರಲ್ಲಿ 'ಅರ್ಕ' ಮಹಾಗಣಕಗಳು ಕಾರ್ಯಾರಂಭ ಮಾಡಿದವು. ಅರ್ಕದ ಗರಿಷ್ಠ ಶಕ್ತಿ ಸೆಕೆಂಡಿಗೆ ಸುಮಾರು 11,770 ಲಕ್ಷ ಕೋಟಿ ಲೆಕ್ಕಗಳು.

ಇಷ್ಟಾದರೂ ಮಾನ್ಸೂನ್ ಮಿಷನ್‌ನ ಜೋಡಿ ಮಾದರಿಯ ಚೌಕ ಸುಮಾರು 38 ಕಿ.ಮೀ. ಅಂದರೆ ಒಂದು ಚೌಕಕ್ಕೆ ಮೂರೂವರೆ ಲಕ್ಷ ಎಕರೆ! ಒಂದೇ ತಾಲ್ಲೂಕಿನ ಆಗುಂಬೆಗೂ ತೀರ್ಥಹಳ್ಳಿಗೂ ಮಳೆಯಲ್ಲಿ ಎಷ್ಟು ವ್ಯತ್ಯಾಸವೆಂಬುದು ಮಲೆನಾಡಿನವರಿಗೆ ಗೊತ್ತು. ಏಪ್ರಿಲ್ ಮುನ್ಸೂಚನೆಯಿಂದ ಬಿತ್ತನೆಯ ದಿನವನ್ನು ನಿಶ್ಚಯಿಸಲಾಗದು. ಮಳೆ ಕಡಿಮೆ ಎಂದಿದ್ದರೆ ಅಲ್ಪಾವಧಿ ತಳಿಯ ಬೀಜವನ್ನೂ ಸ್ವಲ್ಪ ಹೊಂದಿಸಿಟ್ಟುಕೊಳ್ಳಬಹುದು. ಹವಾಮಾನ ಇಲಾಖೆ ಪ್ರತಿ ಗುರುವಾರ ಹೊರಡಿಸುವ ನಾಲ್ಕು ವಾರಗಳ ಮುನ್ನೋಟವೂ ಇಂತಹ ಜೋಡಿ ಲೆಕ್ಕದಿಂದಲೇ ಬರುತ್ತದೆ. ವಿಸ್ತರಣಾ ಕಾರ್ಯಕರ್ತರು ಅದರ ಮೊದಲೆರಡು ವಾರಗಳ ಭಾಗವನ್ನು ಬಿತ್ತನೆಗೆ ಮುಂಚೆ ರೈತರಿಗೆ ತಿಳಿಸಬೇಕು; ಮಣ್ಣಿನಲ್ಲಿ ಹದ ಬಂದಿದ್ದರೂ ಮುಂದೆ ಒಣಹವೆಯ ಸೂಚನೆಯಿದ್ದರೆ ಎಲ್ಲ ಹೊಲವನ್ನೂ ಒಂದೇ ಸಲಕ್ಕೆ ಬಿತ್ತದಿರುವುದು ಲೇಸು.